ಕುಣಿಗೆ ಚಿಮುಕಿಸಿದ ನೀರು

ಧಾರವಾಡದ ಶೇಷ ಪರೀಕ್ಷಾ ಕೇಂದ್ರದಲ್ಲಿ ದೆವ್ವ ಹುಡುಕುವವರಿಗೆ ಕಲಿಸುವ ಮೊದಲ ಪಾಠ, ಚಹಾ ಬೇಡ ಅನ್ನುವುದು. ಯಂತ್ರ ಹಿಡಿಯುವುದು, ಅಂಕಿ ಓದುವುದು ಎಲ್ಲ ಆಮೇಲೆ. ಪರೀಕ್ಷೆಗೆ ಹೋದ ಮನೆಯಲ್ಲಿ ಹನಿ ನೀರನ್ನೂ ಮುಟ್ಟಬಾರದು, ಉಂಡ ಮನೆಯ ಕಡೆಗೆ ನಾಲಿಗೆ ಹೊರಳುತ್ತದೆ ಎಂಬುದು ನಿಯಮ. ಈ ನಿಯಮ ಬರೆದ ಪುಣ್ಯಾತ್ಮರು ಯಾರೂ ಬಾಗಲಕೋಟೆ ಕಡೆಯ ಮನೆಗಳಿಗೆ ಕಾಲಿಟ್ಟವರಲ್ಲ ಎಂದು ಕಸ್ತೂರಿ ಹಳ್ಯಾಳಳಿಗೆ ಖಾತ್ರಿಯಾದದ್ದು ಗುಳೇದಗುಡ್ಡದ ಬನವ್ವನ ಪಡಸಾಲೆಯಲ್ಲಿ ಕೂತಾಗ.

"ಚಾ ಸುದ್ದಾ ಕುಡಿಯಂಗಿಲ್ಲಾ?" ಬನವ್ವ ಕೈಯಲ್ಲಿ ಬಟ್ಟಲು ಹಿಡಿದೇ ಕೇಳಿದಳು. "ನೀವು ದೆವ್ವಾ ಹುಡುಕಾಕ ಬಂದೀರೋ, ನನ್ನ ಮಾನಾ ಕಳ್ಯಾಕ ಬಂದೀರೋ?"

"ನೇಮ ಐತ್ರಿ ಯವ್ವಾ. ತಪ್ಪು ತಿಳ್ಕೋಬ್ಯಾಡ್ರಿ."

"ಸುಡ್ರಿ ನಿಮ್ಮ ನೇಮಾ," ಎಂದು ಬನವ್ವ ಆ ಚಹಾವನ್ನು ತಾನೇ ಕುಡಿದು ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟಳು.

ಶೇಷ ಎಂದರೆ ಏನೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಒಂದೇ ಜಾಗದಲ್ಲಿ ಒಂದೇ ಬಡಿತ ವರ್ಷಗಟ್ಟಲೆ ಬಿದ್ದರೆ ಆ ಜಾಗದ ಕಲ್ಲು, ಗಾರೆ, ಮಣ್ಣು ಆ ಬಡಿತವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುಂದೆಂದೋ ಬಿಸಿಲು ತಂಪುಗಳ ಹದ ಕೂಡಿಬಂದಾಗ ಅದನ್ನು ತೀರ ಸಣ್ಣಗೆ ಬಿಟ್ಟುಕೊಡುತ್ತವೆ. ಅಣೆಕಟ್ಟಿನ ಗೋಡೆಯ ಬಿರುಕು ಹುಡುಕಲು ಮಾಡಿದ್ದ ಯಂತ್ರವೊಂದು, ಎಂದೋ ಸತ್ತ ಕಲ್ಲುಕುಟಿಗರ ಸುತ್ತಿಗೆಯ ಸದ್ದು ಹಿಡಿದಾಗ ಇದು ಬೆಳಕಿಗೆ ಬಂತು. ಅದಕ್ಕೆ ಆತ್ಮವೇ, ಇಚ್ಛೆ ಇದೆಯೇ ಎಂದು ಕೇಳಿದರೆ ಕೇಂದ್ರದವರು ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ಸಂಬಳ ಕೊಡುತ್ತಾರೆ ಎಂದು ಜನ ನಗುವುದೂ ಉಂಟು.

ಅದಕ್ಕೂ ಮೊದಲು ಈ ಕೆಲಸ ಪಡ್ಡೆ ಹುಡುಗರ ಕೈಯಲ್ಲಿತ್ತು. ಕ್ಯಾಮೆರಾ ಹಿಡಿದು ಯಾರದೋ ಮನೆಗೆ ನುಗ್ಗುವುದು, ಸತ್ತವರ ಹೆಸರು ಹಿಡಿದು "ಧೈರ್ಯ ಇದ್ರ ಬಾ" ಎಂದು ಕೂಗುವುದು, ಮನೆಯವರು ಅಳುವುದನ್ನು ಊರಿಗೆಲ್ಲ ತೋರಿಸುವುದು. ಅಂಥದೇ ಒಂದು ವೀಡಿಯೊದಲ್ಲಿ ಮೈಮೇಲೆ ದೆವ್ವ ಬಂದಿದೆ ಎನಿಸಿಕೊಂಡ ಎಳೆಯ ಸೊಸೆಯೊಬ್ಬಳನ್ನು ಗಂಡನ ಮನೆಯವರು ಹೊರಗೆ ಹಾಕಿದರು. ಅವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಕಾನೂನು ಬಂತು, ಕೇಂದ್ರ ಬಂತು, ನಿಯಮಗಳು ಬಂದವು. ಕಸ್ತೂರಿಗೆ ಆ ನಿಯಮಗಳ ಮೇಲೆ ಭಕ್ತಿಯೇ ಇತ್ತು.

ಬನವ್ವ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಗಂಡ ರಾಚಪ್ಪ ಕುಪ್ಪಸದ ಖಣ ನೇಯುವ ನೇಕಾರನಾಗಿದ್ದ. ಪಡಸಾಲೆಯ ನೆಲದಲ್ಲಿ ತೋಡಿದ ಮಣ್ಣಿನ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ. ರಾಚಪ್ಪ ತೀರಿ ಹೋಗಿ ವರ್ಷಗಳಾದರೂ ಅವನು ನೇಯುತ್ತಿದ್ದ ಕೆಂಪು ಖಣ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಹಾಗೆಯೇ ಇತ್ತು. ಅದರ ಮೇಲೆ ಒಂದು ಹಳೆಯ ಸೀರೆ ಹೊದಿಸಿದ್ದಳು.

ಆ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಎದುರಿಗೆ ಕೂತವರ ಮಾತೂ ಕೇಳದಷ್ಟು ಖಟಖಟ. ಅಮಾವಾಸ್ಯೆಯ ದಿನ ಮಾತ್ರ ಗುಬ್ಬಿ ಹಾರಿದರೂ ಕೇಳುತ್ತದೆ. ಆ ದಿನ ಮಧ್ಯಾಹ್ನ, ಊಟ ಮುಗಿಸಿ ಗೋಡೆಗೆ ಒರಗಿದಾಗ, ಬನವ್ವನಿಗೆ ಖಾಲಿ ಕುಣಿಯಿಂದ ಮಗ್ಗದ ಸದ್ದು ಕೇಳುತ್ತಿತ್ತು.

"ಅವರು ಬಂದಾರೋ ಬಿಟ್ಟಾರೋ, ಅದರ ಉಸಾಬರಿ ನನಗ ಬ್ಯಾಡ್ರಿ ಬಾಯಾರ," ಎಂದಳು ಬನವ್ವ. "ನನ್ನ ಮಗಳು ದಾಕ್ಷಾಯಣಿ ಸೊಲ್ಲಾಪುರದಾಗ ಅದಾಳ. ಅವ್ವಗ ತಲಿ ಕೆಟ್ಟೈತಿ, ದವಾಖಾನಿಗೆ ತೋರಸ್ತೀನಿ, ಈ ಮನಿಗೆ ಕೀಲಿ ಹಾಕ್ತೀನಿ ಅಂತಾಳ. ಆಕೀದೇನೂ ತಪ್ಪಿಲ್ಲ, ಹೆದರ್ಯಾಳ. ಒಮ್ಮೊಮ್ಮೆ ನನಗೂ ಹಂಗ ಅನಸ್ತೈತಿ. ನನ್ನ ತಲಿ ಕೆಟ್ಟೈತೋ, ಸದ್ದು ಖರೇನ ಐತೋ, ಅಷ್ಟು ಹೇಳಿಬಿಡ್ರಿ. ಕೆಟ್ಟೈತಿ ಅಂದ್ರೂ ಹೇಳ್ರಿ. ಗಂಟು ಕಟ್ಕೊಂಡು ಮಗಳ ಹಿಂದ ಹೋಗ್ತೀನಿ."

ಕಸ್ತೂರಿ ತನ್ನ ಪಾಠ ಒಪ್ಪಿಸಿದಳು. ನಾವು ರಾಚಪ್ಪನವರ ಹೆಸರು ಹಿಡಿದು ಕರೆಯುವುದಿಲ್ಲ, ಕೆಣಕುವುದಿಲ್ಲ. ಇಲ್ಲಿ ಕಂಡದ್ದನ್ನು ಹೊರಗೆ ಆಡುವುದಿಲ್ಲ. ಏನು ತಿಳಿದರೂ ಮೊದಲು ನಿಮಗೇ ಹೇಳುತ್ತೇವೆ. ನೀವು ಸಾಕು ಎಂದ ಕ್ಷಣ ಎದ್ದು ಹೋಗುತ್ತೇವೆ. ಒಪ್ಪಿಗೆಯೇ?

ಬನವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ನನ್ನ ಲಗ್ನದಾಗ ಸುದ್ದಾ ನನ್ನ ಇಷ್ಟು ಕೇಳಿದ್ದಿಲ್ಲರಿ."

ಕಸ್ತೂರಿ ಕುಣಿಗೆ ಇಳಿದು ಅದರ ನಾಲ್ಕೂ ಗೋಡೆಗೆ ನೆಲಗಿವಿಗಳನ್ನು ಹಚ್ಚಿದಳು. ನೆಲಗಿವಿ ಎಂದರೆ ರೂಪಾಯಿಯಷ್ಟು ಅಗಲದ ತಗಡಿನ ಬಿಲ್ಲೆ, ಮನುಷ್ಯರ ಕಿವಿಗೆ ನಿಲುಕದ ನಡುಕವನ್ನೂ ಹಿಡಿಯುವಂಥದ್ದು. ಅಂದು ಅಮಾವಾಸ್ಯೆ ಅಲ್ಲವಾದ್ದರಿಂದ ಓಣಿಯ ಗದ್ದಲವೆಲ್ಲ ಅದರಲ್ಲಿ ತುಂಬಿಕೊಂಡಿತು. ಇದು ಬರೀ ಮೊದಲ ನೋಟ, ನಿಜವಾದ ಪರೀಕ್ಷೆ ಅಮಾವಾಸ್ಯೆಗೆ. ಹೊರಡುವಾಗ ಅವಳು ನಿಯಮದ ಕೊನೆಯ ಮಾತು ಹೇಳಿದಳು.

"ಅಲ್ಲೀತನಕಾ ಈ ಕುಣಿಗೆ ಏನೂ ಮಾಡಬ್ಯಾಡ್ರಿ. ಸಾರಸೂದು, ಬಳಿಯೂದು, ಕಸಾ ಹೊಡಿಯೂದು ಏನೂ ಬ್ಯಾಡ. ಇದ್ದದ್ದು ಇದ್ದಂಗ ಇರ್ಲಿ."

"ದಿನಾ ಚೂರು ನೀರು ಚಿಮುಕಸ್ತೀನ್ರಿ. ಕುಣಿ ತಂಪಿದ್ರ ಎಳಿ ಹರಿಯಂಗಿಲ್ಲಂತ ಅವರಿದ್ದಾಗಿಂದ ರೂಢಿ. ಈಗ ಎಳಿ ಇಲ್ಲ, ಏನಿಲ್ಲ, ಕೈ ಕೇಳಂಗಿಲ್ಲ."

"ಅದೂ ಬ್ಯಾಡ್ರಿ."

"ಆತು ಬಿಡ್ರಿ," ಎಂದಳು ಬನವ್ವ. "ನೀರು ಕುಡೀಲಾರದ ಬಾಯಾರು ನೀರು ಹಾಕಬ್ಯಾಡ ಅಂದ್ರ ಅದರಾಗೇನು ಹೊಸಾದೈತಿ?"

ಧಾರವಾಡದ ಪ್ರಯೋಗಾಲಯದಲ್ಲಿ ಅಂಕಿಗಳನ್ನು ಓದುವವನು ಮಕ್ತುಂ ನದಾಫ. ಅವನಿಗೆ ಮನೆ ಯಾವುದು, ಊರು ಯಾವುದು, ಯಾರಿಗೆ ಏನು ಕೇಳಿಸಿತು ಒಂದೂ ಹೇಳಕೂಡದು. ಕತೆ ಗೊತ್ತಾದರೆ ಕಿವಿ ಕತೆಯನ್ನೇ ಕೇಳುತ್ತದೆ ಎಂಬ ಕಾರಣಕ್ಕೆ ಇದೂ ಒಂದು ನಿಯಮ. ಬೆಳಿಗ್ಗೆ ಒಂದೇ ಡಬ್ಬಿಯಿಂದ ಚುರುಮುರಿ ತಿನ್ನುವ ಗೆಳೆಯರಾದರೂ ಕೆಲಸದ ವಿಷಯ ಬಂದರೆ ಕಸ್ತೂರಿ ಅವನ ಮುಂದೆ ಮೂಗಿಯಾಗುತ್ತಿದ್ದಳು.

"ಒಂದು ಭಾರಾದ ಬಡಿತ ಐತಿ," ಎಂದ ಮಕ್ತುಂ. "ಆದ್ರ ಸುತ್ತೂ ಅಂಥಾವ ಬಾಳ ಅದಾವ. ಇದು ಆ ಜಾಗಾದ್ದೋ ಹೊರಗಿಂದ ಬಂದದ್ದೋ ಹೇಳಾಕ ಬರಂಗಿಲ್ಲ. ಸದ್ದಿಲ್ಲದ ದಿನಾ ಇನ್ನೊಮ್ಮೆ ಹಿಡ್ಕೊಂಡು ಬಾ."

ಅಮಾವಾಸ್ಯೆ ಬರುವಷ್ಟರಲ್ಲಿ ಬೇಸಿಗೆ ಏರಿತ್ತು. ಗುಳೇದಗುಡ್ಡದ ಕೆಂಪು ಬಂಡೆಗಳು ಕಾದು ಊರಿಗೆಲ್ಲ ಕಾವು ಬಿಡುತ್ತಿದ್ದವು. ಓಣಿ ಸುಮ್ಮನಿತ್ತು. ಸೊಲ್ಲಾಪುರದಿಂದ ಬಂದಿದ್ದ ದಾಕ್ಷಾಯಣಿ ಬಾಗಿಲ ಬಳಿ ಬಿಗಿದ ಮುಖದಲ್ಲಿ ಕೂತಿದ್ದಳು. ಬನವ್ವ ಊಟ ಮುಗಿಸಿ, ತಲೆ ಬಾಚಿ, ತೊಳೆದ ಸೀರೆ ಉಟ್ಟು ಗೋಡೆಗೆ ಒರಗಿದಳು. ಮಗಳಿಗೂ ಬಾಯಾರಿಗೂ ಒಟ್ಟಿಗೆ ಕೇಳಿಸುವ ದಿನ ಎಂದು ಅವಳಿಗೆ ಸಂಭ್ರಮವಿತ್ತು.

ಮಧ್ಯಾಹ್ನ ಇಳಿಯಿತು. ನೆಲಗಿವಿಗಳ ಗೆರೆ ಯಂತ್ರದ ಪರದೆಯ ಮೇಲೆ ನೇರವಾಗಿ ಮಲಗಿತ್ತು. ಬನವ್ವ ಮೊದಲು ಕುಣಿಯನ್ನು ನೋಡಿದಳು, ಆಮೇಲೆ ಕಸ್ತೂರಿಯನ್ನು, ಆಮೇಲೆ ತನ್ನ ಕೈಗಳನ್ನು.

"ಇವತ್ತ ಇಲ್ಲರಿ," ಎಂದಳು ಮೆಲ್ಲಗೆ. "ಒಂದ ಅಮಾಸೀನೂ ತಪ್ಪಿಸಿದ್ದಿಲ್ಲ."

ದಾಕ್ಷಾಯಣಿಯ ಕಣ್ಣು ತುಂಬಿತ್ತು, ತಾನು ಹೇಳಿದ್ದೇ ನಿಜವಾಯಿತಲ್ಲ ಎಂಬ ದುಃಖಕ್ಕೆ.

ಕಸ್ತೂರಿ ಕುಣಿಗೆ ಇಳಿದಳು. ಮೊದಲ ದಿನ ಕೈಗೆ ತಣ್ಣಗೆ ತಾಗಿದ್ದ ಗೋಡೆ ಈಗ ಒಣಗಿ ಬಿರುಕು ಬಿಟ್ಟಿತ್ತು. ಬೆರಳು ತಾಗಿಸಿದರೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಕೇಂದ್ರದವರು ಇಲ್ಲಿಯವರೆಗೆ ಪರೀಕ್ಷಿಸಿದ್ದೆಲ್ಲ ಕೋಟೆ, ಅರಮನೆ, ಕಲ್ಲಿನ ವಾಡೆ. ಕಲ್ಲನ್ನು ಮುಟ್ಟದೆ ಬಿಟ್ಟರೆ ಅದು ಇದ್ದ ಹಾಗೆ ಇರುತ್ತದೆ. ಮಣ್ಣು ಹಾಗಲ್ಲ. ಈ ಕುಣಿ ಇದ್ದ ಹಾಗೆ ಇದ್ದದ್ದು ದಿನವೂ ಅದರ ಮೇಲೆ ಬೀಳುತ್ತಿದ್ದ ಅಷ್ಟು ನೀರಿನಿಂದ. ಏನನ್ನೂ ಕೆಡಿಸಬಾರದೆಂದು ಮಾಡಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಅವಳು ಇದನ್ನು ಕೆಡಿಸಿದ್ದಳು.

ಯಂತ್ರದ ಪೆಟ್ಟಿಗೆಯಲ್ಲಿ ಮೊದಲ ದಿನದ ದಾಖಲೆ ಇತ್ತು. ಬಿಲ್ಲೆಗಳು ಸದ್ದು ಹಿಡಿಯುವಂತೆ ಸದ್ದು ಬಿಡಲೂ ಬಲ್ಲವು. ಗುಂಡಿಯೊಂದನ್ನು ಒತ್ತಿದರೆ ಸಾಕು, ಕುಣಿಯಿಂದ ಮಗ್ಗ ಸಣ್ಣಗೆ ನುಡಿಯುತ್ತದೆ. ಮುದುಕಿಯ ಮುಖ ಅರಳುತ್ತದೆ, ಮಗಳಿಗೆ ನಿಶ್ಚಿಂತೆಯಾಗುತ್ತದೆ, ಯಾರಿಗೆ ಏನು ನಷ್ಟ? ಕಸ್ತೂರಿಯ ಬೆರಳು ಆ ಗುಂಡಿಯ ಹತ್ತಿರ ಹೋದದ್ದು ಸುಳ್ಳಲ್ಲ. ಆದರೆ ಬನವ್ವ ಅವಳ ಬಳಿ ಸದ್ದು ಕೇಳಿರಲಿಲ್ಲ. ಖರೇ ಯಾವುದು ಎಂದು ಕೇಳಿದ್ದಳು, ಕೆಟ್ಟಿದ್ದರೂ ಹೇಳಿ ಎಂದಿದ್ದಳು.

ಅವಳು ಮೇಲೆ ಬಂದು ಬನವ್ವನ ಎದುರು ನೆಲದ ಮೇಲೆ ಕೂತಳು.

"ಯವ್ವಾ, ನನ್ನಿಂದ ತಪ್ಪಾತು. ಕುಣಿಗೆ ನೀರು ಹಾಕಬ್ಯಾಡ್ರಿ ಅಂದೆ. ಮಣ್ಣು ಒಣಗಿ ಒಡದೈತಿ. ಅದರಾಗ ಏನರೆ ಇದ್ದಿದ್ರ, ನಾನ ಅದನ್ನ ಕಳದೀನಿ."

ದಾಕ್ಷಾಯಣಿ ಎದ್ದು ನಿಂತಳು. "ಛಲೋ ಆತು! ನಮ್ಮಪ್ಪಂದು ಉಳಿದಿದ್ದು ಇದೊಂದ. ಅದನ್ನೂ ಕಳದು ಕೈತೊಳಕೊಂಡ್ರಿ. ನಡಿ ಅವ್ವಾ, ಸಾಕು."

"ತಡೀಯವ್ವಾ," ಎಂದಳು ಬನವ್ವ. ಅವಳು ಕಸ್ತೂರಿಯ ಮುಖವನ್ನೇ ನೋಡುತ್ತಿದ್ದಳು. "ಕಳದೀನಿ ಅಂದ್ರ... ಇತ್ತು ಅನ್ನಾಕತ್ತೀರಿ? ಇಲ್ಲದ್ದು ಹೆಂಗ ಕಳೀತೈತಿ?"

ಹೌದು ಎನ್ನಲು ಕಸ್ತೂರಿಯ ಜೀವ ತುಡಿಯಿತು. "ಹಂಗಂತ ನನಗ ಇನ್ನೂ ಹೇಳಾಕ ಬರಂಗಿಲ್ಲರಿ. ಇತ್ತೋ ಇಲ್ಲೋ ತೋರಸಾಕ ನನ್ನ ಹತ್ರ ಮೊದಲನೇ ದಿನದ್ದೊಂದ ಐತಿ. ಅದು ಸಾಲಂಗಿಲ್ಲ. ಆದ್ರ ಅದನ್ನ ಮತ್ತೊಮ್ಮೆ ಜರಡಿ ಹಿಡಿತೀವಿ. ಒಂದು ವಾರ ಕೊಡ್ರಿ."

ಬನವ್ವನ ಗಲ್ಲದ ಮೇಲೆ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, "ಒಂದು ವಾರ ಇಲ್ಲೇ ಇರು. ತಪ್ಪಾತು ಅಂತ ಎದುರಿಗೆ ಕೂತು ಅಂದವರನ್ನ ನಾ ಇವತ್ತ ನೋಡಿದ್ದು," ಎಂದಳು. ಧಾರವಾಡದ ದಾರಿಯುದ್ದಕ್ಕೂ ಕಸ್ತೂರಿ ಆ ಮಾತಿಗೆ ಕೈಮುಗಿಯುತ್ತಲೇ ಇದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಕರುಣೆಗೆ ಅವಳಿಗೆ ಅಳುವೇ ಬಂತು.

ಮಕ್ತುಂ ಹಳೆಯ ದಾಖಲೆಯನ್ನು ಎರಡು ದಿನ ಸೋಸಿದ. ಮೂರನೆಯ ಬೆಳಿಗ್ಗೆ ಚುರುಮುರಿಯ ಡಬ್ಬಿ ತೆರೆಯದೆಯೇ ಅವಳನ್ನು ಕರೆದ.

"ಕಸ್ತೂರಿ, ಆ ಮನ್ಯಾಗ ಸತ್ತವರು ಇಬ್ಬರೇನು?"

ಕಸ್ತೂರಿ ನಾಲಿಗೆ ಕಚ್ಚಿಕೊಂಡಳು. ಉತ್ತರಿಸುವಂತಿರಲಿಲ್ಲ.

"ಹೇಳಬ್ಯಾಡ ಬಿಡು. ಭಾರಾದ ಬಡಿತದ ಬುಡಕ್ಕ ಇನ್ನೊಂದೈತಿ, ಹಗೂರಂದು. ಬಡಿಯೂದಲ್ಲ, ತಿರುಗೂದು. ಮಜಾ ಏನಂದ್ರ, ದೊಡ್ಡದು ನಿಂತ ಕೂಡ್ಲೆ ಸಣ್ಣದೂ ನಿಲ್ತೈತಿ. ದೊಡ್ಡದು ಸುರು ಆದ ಮ್ಯಾಲ ಇದು ಮತ್ತ ಸುರು. ಪ್ರತಿ ಸಲಾ ಹಂಗ. ಏನೋ ಕಿವಿಗೊಟ್ಟು ಕೇಳಿದಂಗ."

ಕಸ್ತೂರಿಗೆ ತಟ್ಟನೆ ರಾಟಿ ನೆನಪಾಯಿತು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಲು ಹಿಂದೆ ಹೆಂಗಸರು ರಾಟಿ ತಿರುಗಿಸುತ್ತಿದ್ದರು. ಈಗ ಆ ಓಣಿಯಲ್ಲಿ ಒಂದೂ ರಾಟಿ ಇಲ್ಲ, ಕಂಡಿಕೆ ಸುತ್ತಲು ಕರೆಂಟಿನ ಯಂತ್ರ ಬಂದಿದೆ. ಹಾಗಾದರೆ ಈ ತಿರುಗುವ ಸದ್ದು ಅಕ್ಕಪಕ್ಕದ ಮನೆಯಿಂದ ಬರುವಂತೆಯೇ ಇಲ್ಲ. ಆದರೆ ತನಗೆ ಅನಿಸಿದ್ದು ಸಾಕ್ಷಿಯಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಅವಳು ನಿಯಮವನ್ನು ಭಕ್ತಿಯಿಂದ ಅಲ್ಲ, ಯೋಚಿಸಿ ಹಿಡಿದಳು.

ಮರುದಿನ ಗುಳೇದಗುಡ್ಡದಲ್ಲಿ ಬನವ್ವನ ಅಟ್ಟದಿಂದ ಹಳೆಯ ರಾಟಿ ಇಳಿಯಿತು. ಕಸ್ತೂರಿ ಯಾಕೆಂದು ಹೇಳಲಿಲ್ಲ. ಓಣಿಯಲ್ಲಿ ಹಿಂದೆ ಕಂಡಿಕೆ ಸುತ್ತಿದ್ದ ನಾಲ್ವರು ಮುದುಕಿಯರನ್ನು ಕರೆದಳು, ಬನವ್ವ ಸೇರಿ ಐವರಾದರು. ಮಗ್ಗಲ ಮನೆಯ ನೇಕಾರನಿಗೆ, ಮನಸ್ಸು ಬಂದಾಗ ಮಗ್ಗ ಹೊಡೆ, ಮನಸ್ಸು ಬಂದಾಗ ನಿಲ್ಲಿಸು ಎಂದಳು. ಒಬ್ಬೊಬ್ಬರೇ ನೆಲಗಿವಿ ಹಚ್ಚಿದ ಹಿತ್ತಲಲ್ಲಿ ಕೂತು ಅದೇ ರಾಟಿ ತಿರುಗಿಸಬೇಕು, ಉಳಿದವರು ಹೊರಗೆ ಕಟ್ಟೆಯ ಮೇಲೆ.

"ಈ ವಯಸ್ಸಿನಾಗ ಪರೀಕ್ಷಾ ಬರಸ್ತೀರಿ ಬಾಯಾರ," ಎಂದಳು ಒಬ್ಬಳು. "ನಪಾಸಾದ್ರ ಏನ ಮಾಡ್ತೀರಿ?"

"ಮತ್ತ ಅತ್ತಿ ಮನಿಗೆ ಕಳಿಸ್ತಾರ," ಎಂದಳು ಇನ್ನೊಬ್ಬಳು, ಕಟ್ಟೆಯೆಲ್ಲ ನಗುವಾಯಿತು.

ಐದೂ ದಾಖಲೆಗಳು ಬರಿಯ ಸಂಖ್ಯೆ ಹೊತ್ತು ಮಕ್ತುಂನ ಮೇಜಿಗೆ ಹೋದವು. ಕಸ್ತೂರಿ ಅಂದು ಊಟ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಅವನು ಹೊರಗೆ ಬಂದು ಹೇಳಿದ. "ನಾಲ್ಕು ಮಂದಿ ಆ ದೊಡ್ಡ ಬಡಿತ ನಿಂತ್ರೂ ತಿರುಗಸ್ಕೋತ ಹೋಗ್ಯಾರ. ಅವರಿಗೂ ಆ ಬಡಿತಕ್ಕೂ ಏನ ಸಂಬಂಧ? ಮೂರನೇದು ಒಂದ ನಿಂತೈತಿ. ಕೈ ತಿರುವೂ ಹಳೇದರಂಗ ಐತಿ. ಹಳೇ ದಾಖಲೆದಾಗ ಇರೂದು ಈ ಮೂರನೇ ಕೈ. ನಾ ಬರದು ಕೊಡ್ತೀನಿ."

ಮೂರನೆಯ ಸಂಖ್ಯೆ ಬನವ್ವನದು. ಒಣಗುವ ಮುನ್ನ ಆ ಕುಣಿಯಲ್ಲಿ ಆ ಮನೆಯದೇ ಶೇಷವಿತ್ತು, ಬನವ್ವನ ತಲೆಯಲ್ಲಿ ಅಲ್ಲ. ಕಸ್ತೂರಿ ಕೇಂದ್ರದ ಹಿರಿಯರಿಗೂ ಹೇಳದೆ ಮರುದಿನದ ಮೊದಲ ಬಸ್ಸಿಗೆ ಹೊರಟಳು. ಮೊದಲು ಮನೆಯವರಿಗೆ, ಇದೂ ನಿಯಮವೇ.

ಬನವ್ವ ಎಲ್ಲ ಕೇಳಿಸಿಕೊಂಡಳು. ಮಗ್ಗದ ಮಾತಿಗೆ ತಲೆದೂಗಿದಳು. ರಾಟಿಯ ಮಾತಿಗೆ ಬಂದಾಗ ಕಣ್ಣು ಕಿರಿದು ಮಾಡಿದಳು.

"ನಾ ನಿಂದರ್ತಿದ್ದೆನೇನ್ರಿ? ನನಗ ಗೊತ್ತ ಇಲ್ಲ." ಕುಣಿಯ ಕಡೆ ನೋಡಿ ಹೇಳಿದಳು, "ಅವರಿಗೆ ದಮ್ಮಿತ್ರಿ. ಮಗ್ಗ ನಿಂತ್ರ ಎದಿ ಧಸಕ್ಕನಂತಿತ್ತು. ಎಳಿ ಹರೀತೋ, ದಮ್ಮು ಹತ್ತಿತೋ ಅಂತ ಕಿವಿ ಅತ್ತಾಗ ಇರತಿತ್ತು. ಮತ್ತ ಸುರು ಆತಂದ್ರ ಸಮಾಧಾನ. ಆದ್ರ ಬಾಯಾರ, ಉಳಿಯೂದು ಸತ್ತವರದು ಅಂತ ನಾ ತಿಳದಿದ್ದೆ. ನಾ ಜೀವಂತ ಕುಂತೀನಲ್ಲ?"

"ಶೇಷಕ್ಕ ಸಾವು ಬೇಕಾಗಿಲ್ಲರಿ ಯವ್ವಾ. ರೂಢಿ ಬೇಕು."

ದಾಕ್ಷಾಯಣಿ ಗೋಡೆಗೆ ಒರಗಿ ನಿಂತಿದ್ದಳು. "ಅಂದ್ರ ಅವ್ವನ ತಲಿ..." ಎಂದಳು.

"ನಮ್ಮೆಲ್ಲಾರದಕ್ಕಿಂತಾ ನೆಟ್ಟಗೈತ್ರಿ."

ಮಗಳು ಬಂದು ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಸಣ್ಣ ಹುಡುಗಿಯಂತೆ ಅತ್ತಳು. ಬನವ್ವ ಅವಳ ಬೆನ್ನು ಸವರುತ್ತ ಕಸ್ತೂರಿಯನ್ನು ನೋಡಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಬಾಯಾರ. ಈ ಮನ್ಯಾಗ ಅವರದಷ್ಟ ಉಳಿದೈತಿ ಅಂತ ಇಷ್ಟು ದಿನಾ ಅಂದ್ಕೊಂಡಿದ್ದೆ. ನೀವು ನನ್ನನ್ನೂ ಹುಡುಕಿ ಕೊಟ್ರಿ."

"ಅದನ್ನ ಕಳದಾಕಿನೂ ನಾನ ಅಲ್ಲೇನ್ರಿ," ಎಂದಳು ಕಸ್ತೂರಿ.

"ಆತಲ್ಲ, ಲೆಕ್ಕ ಸರಿಹೋತು."

ಕೇಂದ್ರದ ನಿಯಮಕ್ಕೆ ಆ ವರ್ಷ ಒಂದು ಸಾಲು ಸೇರಿತು. ಇದ್ದದ್ದು ಇದ್ದಂತೆ ಇರಲಿ, ಮನೆಯವರ ದಿನದ ರೂಢಿಯೂ ಇದ್ದದ್ದೇ ಎಂದು ತಿಳಿಯತಕ್ಕದ್ದು. ಆ ಸಾಲು ಎಲ್ಲಿಂದ ಬಂತೆಂದು ಹೊಸಬರು ಕೇಳಿದರೆ ಕಸ್ತೂರಿ ತನ್ನ ತಪ್ಪನ್ನೇ ಪಾಠ ಮಾಡಿ ಹೇಳುತ್ತಾಳೆ, ಊರಿನ ಹೆಸರು ಮಾತ್ರ ಹೇಳುವುದಿಲ್ಲ.

ದಾಕ್ಷಾಯಣಿ ಒಬ್ಬಳೇ ಸೊಲ್ಲಾಪುರಕ್ಕೆ ಹೋದಳು. ಮಳೆಗಾಲ ಕಳೆದ ಮೇಲೆ ಒಂದು ಅಮಾವಾಸ್ಯೆಗೆ ಕಸ್ತೂರಿ ರಜೆ ಹಾಕಿ, ಯಂತ್ರದ ಪೆಟ್ಟಿಗೆ ಧಾರವಾಡದಲ್ಲೇ ಬಿಟ್ಟು, ಬರಿಗೈಯಲ್ಲಿ ಆ ಓಣಿಗೆ ಬಂದಳು. ಬನವ್ವ ಈಗ ಓಣಿಯವರ ಬೆಲೆಬಾಳುವ ರೇಷ್ಮೆಗೆ ಕೈಯಿಂದ ಕಂಡಿಕೆ ಸುತ್ತಿಕೊಡುತ್ತಿದ್ದಳು. ಮರುದಿನದ ಕೆಲಸಕ್ಕೆಂದು ರಾಟಿಯ ಮುಂದೆ ಕೂತಿದ್ದಳು.

"ಇವತ್ತರೆ ಕುಡಿತೀರೋ, ಇವತ್ತೂ ನೇಮಾನೋ?"

"ಇವತ್ತ ಕೇಳಿ ಇಸಗೊಳ್ತೀನ್ರಿ. ಸಕ್ರಿ ಒಂದೀಟು ಜಾಸ್ತಿ ಹಾಕ್ರಿ."

ಬನವ್ವ ಒಲೆಯ ಕಡೆ ಹೋಗುವ ಮುನ್ನ ಒಂದು ತಂಬಿಗೆ ನೀರು ತಂದು ಅವಳ ಕೈಗಿಟ್ಟಳು. "ಅಷ್ಟರೊಳಗ ಕುಣಿಗೆ ಚಿಮುಕಸ್ರಿ. ನಿಮ್ಮ ಕೈಲೇ."

ಕಸ್ತೂರಿ ತಂಬಿಗೆಯಲ್ಲಿ ಬೆರಳದ್ದಿ, ಕುಣಿಯ ನಾಲ್ಕೂ ಗೋಡೆಗೆ ನೀರು ಚಿಮುಕಿಸಿದಳು. ಬಿರುಕುಗಳ ಮೇಲೆ ಹೊಸ ಮಣ್ಣು ಮೆತ್ತಿತ್ತು. ಹಸಿ ಮಣ್ಣಿನ ವಾಸನೆ ಮೇಲೆ ಬಂತು. ಹೋದದ್ದು ಮತ್ತೆ ಬರುವುದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಬನವ್ವನಿಗೂ ಹೇಳಿದ್ದಳು.

ಚಹಾ ಬಂತು. ಬನವ್ವ ಮತ್ತೆ ರಾಟಿಗೆ ಕೂತಳು. ಓಣಿಯೆಲ್ಲ ಸುಮ್ಮನಿತ್ತು, ರಾಟಿ ಒಂದೇ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬನವ್ವನ ಕೈ ತಟ್ಟನೆ ನಿಂತಿತು. ಮುಖ ಕುಣಿಯ ಕಡೆ ಹೊರಳಿತು. ಅವಳು ಹಾಗೆಯೇ ಕೂತಳು, ಉಸಿರು ಹಿಡಿದು. ಆಮೇಲೆ ಅವಳ ಭುಜ ಸಡಿಲಾಯಿತು, ರಾಟಿ ಮತ್ತೆ ತಿರುಗತೊಡಗಿತು.

ಕಸ್ತೂರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿತೇ ಎಂದು ವಿಚಾರಿಸಬೇಕೆನಿಸಿತು, ವಿಚಾರಿಸಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಚಹಾ ಆರುವ ಮೊದಲು ಕುಡಿದಳು.